ಅಟ್ಟದ ಏಣಿಗಾಗಿ ತೊಲೆ ಕತ್ತರಿಸಬಹುದೇ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ 1970ರ ದಶಕದ ಒಂದಂತಸ್ತಿನ ಮರದ ಮನೆಯೊಂದನ್ನು ಕೊಂಡಿದ್ದೇವೆ. ಅಟ್ಟಕ್ಕೆ ಮಡಚುವ ಏಣಿ ಕೂರಿಸಬೇಕಾಗಿದೆ. ಕಾರಿಡಾರಿನ ಉದ್ದಕ್ಕೆ ಏಣಿ ಇಳಿಯಬೇಕಾದರೆ ಅಡ್ಡಲಾಗಿರುವ ಮೂರು ತೊಲೆಗಳನ್ನು ಕತ್ತರಿಸಬೇಕು, ಅದರಿಂದ ತೊಂದರೆಯೇನೂ ಇಲ್ಲ ಎಂದು ಕೆಲಸದವರು ಹೇಳುತ್ತಾರೆ. ಒಪ್ಪಬಹುದೇ?

ಉತ್ತರ: ಆ ಜಾಗದಲ್ಲಿ, ಆ ದಿಕ್ಕಿನಲ್ಲಿ ಒಪ್ಪಬೇಡಿ. ನಮ್ಮೂರಿನ ಆರ್‌ಸಿಸಿ ಮನೆಗಳಲ್ಲಿ ಅಟ್ಟವೆಂದರೆ ಗೋಡೆಯಿಂದ ಚಾಚಿದ ಒಂದು ಸ್ಲ್ಯಾಬು ಮಾತ್ರ. ನಿಮ್ಮ ಮನೆಯ ತೊಲೆಗಳಾದರೋ ಕೆಳಗಿನ ಡ್ರೈವಾಲನ್ನು (ಚಾವಣಿಗೆ ಹೊಡೆದ ಜಿಪ್ಸಮ್ ಹಲಗೆಯನ್ನು) ಹೊರುವುದರ ಜೊತೆಗೆ, ಹಿಮ ಕೂತ ಇಳಿಜಾರು ಮಾಡಿನ ಒತ್ತಡಕ್ಕೆ ಎದುರುಬದುರಿನ ಗೋಡೆಗಳು ಹೊರಕ್ಕೆ ಜರುಗದಂತೆ ಎಳೆದು ಹಿಡಿದಿರುತ್ತವೆ. ಸಾಲಾಗಿ ಮೂರನ್ನು ತುಂಡರಿಸಿದರೆ ಆ ಹಿಡಿತವೇ ಸಡಿಲವಾಗುತ್ತದೆ. ಅಲ್ಲದೆ, ಏಣಿಯ ಕಿಂಡಿಯ ಉದ್ದ ಸಾಮಾನ್ಯವಾಗಿ 54 ಇಂಚು ಇರುವುದರಿಂದ, ತುಂಡಾದ ತೊಲೆಗಳ ತುದಿಯನ್ನು ಹೊರುವ ಹೆಡರ್ ಮರವು 4 ಅಡಿ ಮೀರುತ್ತದೆ. ಆಗ ಹೆಡರನ್ನೂ ಅಕ್ಕಪಕ್ಕದ ತೊಲೆಗಳನ್ನೂ ಎರಡೆರಡು ಮರ ಸೇರಿಸಿ ಜೋಡಿ ಮಾಡಬೇಕೆಂದು ಅಲ್ಲಿನ ವಸತಿ ಕಟ್ಟಡ ಸಂಹಿತೆ ಹೇಳುತ್ತದೆ. ಎಂಜಿನಿಯರ್ ನಕ್ಷೆಯಿಲ್ಲದೆ ಇದಕ್ಕೆ ಕೈಹಾಕಬಾರದು.

ಮೊದಲು ಟಾರ್ಚ್ ಹಿಡಿದು ಅಟ್ಟದೊಳಗೆ ಇಣುಕಿ ನೋಡಿ. ಮರಗಳು ತ್ರಿಕೋನಗಳಾಗಿ ಹೆಣೆದುಕೊಂಡಿದ್ದು, ಕೂಡುವಲ್ಲೆಲ್ಲ ಹಲ್ಲುಳ್ಳ ತಗಡು ಒತ್ತಿದ್ದರೆ ಅದು ಟ್ರಸ್. ಅದರ ಯಾವ ಮರವನ್ನೂ ಕತ್ತರಿಸುವಂತಿಲ್ಲ. ಟ್ರಸ್‌ಗಳು 24 ಇಂಚಿಗೊಂದರಂತೆ ಇದ್ದರೆ ನಡುವೆ ಸಿಗುವ 22.5 ಇಂಚಿನಲ್ಲೇ ಏಣಿ ಕೂರುತ್ತದೆ. ಏಣಿಗಳನ್ನು ಆ ಅಗಲಕ್ಕೇ ತಯಾರಿಸುತ್ತಾರೆ.

ಬಿಡಿ ತೊಲೆಗಳು 16 ಇಂಚಿಗೊಂದರಂತೆ ಇದ್ದರೆ, ಕಿಂಡಿಯ ಉದ್ದವನ್ನು ತೊಲೆಯ ಉದ್ದಕ್ಕೇ ಹೊಂದಿಸಿ. ಆಗ ಒಂದೇ ತೊಲೆಯನ್ನು ಕತ್ತರಿಸಿದರೆ ಸಾಕು. ಕತ್ತರಿಸುವ ಮುನ್ನ ಅಲ್ಲಿ ವಿದ್ಯುತ್ ತಂತಿ ಹಾದಿಲ್ಲವೆಂದು ಖಚಿತಪಡಿಸಿಕೊಂಡು, ತುಂಡಾಗಿ ಉಳಿಯುವ ಎರಡೂ ತುದಿಗಳಿಗೆ ನೆಲದಿಂದ ಊರುಗೋಲು ಕೊಟ್ಟಿರಬೇಕು. ಅನೇಕರು ಎಡವುವುದು ಇದರ ಮುಂದಿನ ಹಂತದಲ್ಲಿ: ಕಿಂಡಿ 54 ಇಂಚು ಎಂದು ತೊಲೆಯನ್ನೂ 54 ಇಂಚಿಗೇ ಕತ್ತರಿಸಿಬಿಡುತ್ತಾರೆ, ಆಮೇಲೆ ಹೆಡರ್ ಕೂರಿಸಲು ಜಾಗವೇ ಇರುವುದಿಲ್ಲ. ಹೆಡರಿನ ಒಂದೊಂದು ಮರವೂ 1.5 ಇಂಚು ದಪ್ಪವಿರುವುದರಿಂದ, ಎರಡೂ ಕಡೆ ಒಂಟಿ ಹೆಡರಿಗೆ 57 ಇಂಚು, ಜೋಡಿ ಹೆಡರಿಗೆ 60 ಇಂಚು ತೆಗೆಯಬೇಕು. ಇಷ್ಟು ಗಿಡ್ಡ ಹೆಡರಿಗೆ ಒಂಟಿ ಮರ ಸಾಕೆಂದು ಸಂಹಿತೆ ಒಪ್ಪುತ್ತದಾದರೂ ನಾನು ಜೋಡಿಯನ್ನೇ ಹಾಕಿಸುತ್ತೇನೆ, ಏಕೆಂದರೆ ಹೆಚ್ಚುವ ಖರ್ಚು ಒಂದು ಮರದ್ದಷ್ಟೇ.

ಹೆಡರು ತೊಲೆಯಷ್ಟೇ ಎತ್ತರದ ಮರವಾಗಿದ್ದು, ಕತ್ತರಿಸದ ಎರಡು ತೊಲೆಗಳ ನಡುವಿನ 30.5 ಇಂಚಿನ ಜಾಗದಲ್ಲಿ ಬಿಗಿಯಾಗಿ ಕೂರಬೇಕು. ಕೂಡುವಲ್ಲಿ ಲೋಹದ ಹ್ಯಾಂಗರ್‌ಗಳನ್ನು (ಮರದ ತುದಿಯನ್ನು ಹೊತ್ತು ಹಿಡಿಯುವ ತಗಡಿನ ಹಿಡಿಕೆಗಳನ್ನು), ಅವುಗಳಿಗೆಂದೇ ಸೂಚಿಸಿದ ಮೊಳೆಗಳಿಂದ ಬಿಗಿಯಬೇಕು. ಡ್ರೈವಾಲ್ ಸ್ಕ್ರೂ ಇಲ್ಲಿ ಬಳಸಬಾರದು, ಭಾರ ಬಿದ್ದರೆ ಅದು ಪಟ್ಟನೆ ಮುರಿಯುತ್ತದೆ. ಬಳಿಕ ಎರಡು ಹೆಡರುಗಳ ನಡುವೆ ಇನ್ನೊಂದು ಮರವನ್ನು ಉದ್ದಕ್ಕೆ ಕೊಟ್ಟು ಅಗಲವನ್ನು 22.5 ಇಂಚಿಗೆ ಇಳಿಸಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎರಡೂ ಕರ್ಣಗಳು 58.5 ಇಂಚು ಬಂದರೆ ಕಿಂಡಿಯ ಮೂಲೆಗಳೆಲ್ಲ ಲಂಬಕೋನದಲ್ಲಿವೆ ಎಂದರ್ಥ. ಒಂದು ಹೆಚ್ಚು, ಇನ್ನೊಂದು ಕಡಿಮೆ ಬಂದರೆ ಈಗಲೇ ಸರಿಪಡಿಸಿ, ಇಲ್ಲವಾದರೆ ಏಣಿಯ ಬಾಗಿಲು ಉಜ್ಜುತ್ತಲೇ ಇರುತ್ತದೆ.

ನಿಮ್ಮ ಕಾರಿಡಾರು ಕಿರಿದಾಗಿದ್ದು ತೊಲೆಯ ದಿಕ್ಕಿನಲ್ಲಿ ಏಣಿ ಇಳಿಸಲು ಸ್ಥಳವಿಲ್ಲದಿದ್ದರೆ, ಮಲಗುವ ಕೋಣೆಯ ಒಂದು ಮೂಲೆಯನ್ನು ಬಿಟ್ಟುಕೊಡುವುದೇ ಮೇಲು. ಗ್ಯಾರೇಜೂ ಆಗಬಹುದು; ಆದರೆ ಬೆಂಕಿ ಹರಡದಿರಲೆಂದು ಗ್ಯಾರೇಜಿಗೂ ಅಟ್ಟಕ್ಕೂ ನಡುವೆ ಹಾಕಿರುವ ಅರ್ಧ ಇಂಚಿನ ಜಿಪ್ಸಮ್ ಹಲಗೆಯನ್ನು ಅಲ್ಲಿ ತೂತು ಮಾಡಿದಂತಾಗುವುದರಿಂದ, ಸಾಧಾರಣ ಪ್ಲೈವುಡ್ ಬಾಗಿಲಿನ ಏಣಿ ನಡೆಯುವುದಿಲ್ಲ, ಅಗ್ನಿನಿರೋಧಕ ಬಾಗಿಲಿನದೇ ಬೇಕಾಗುತ್ತದೆ. ಎಲ್ಲಿ ಹಾಕಿಸುವುದಾದರೂ ಕೆಲಸ ಆರಂಭಿಸುವ ಮುನ್ನ ನಿಮ್ಮ ಪಟ್ಟಣದ ಕಟ್ಟಡ ಇಲಾಖೆಯಲ್ಲಿ ಪರವಾನಗಿಯ ಬಗ್ಗೆ ವಿಚಾರಿಸಿ.