ನೀವು ಬಿಟ್ಟು ಬಂದ ಎಂಜಿನ್ ಬಗ್ಗೆ ಬರೆಯಿರಿ

ನಮಸ್ಕಾರ.

ಗುಜರಿಯಿಂದ ಎಂಜಿನ್ ತಂದು ಹಳೇ ಕಾರಿಗೆ ಕೂರಿಸಿದ ಬಗ್ಗೆ ನೀವು ಬರೆದ ‘ಗುಜರಿಯಿಂದ ಗ್ಯಾರೇಜಿಗೆ’ ಲೇಖನವನ್ನು ಎರಡು ಸಲ ಓದಿದೆ. ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಬರೆದು ಕಳಿಸಿದರೆ ಪ್ರಕಟಿಸಬೇಕೆಂಬ ಆಸೆ ಮಾತ್ರ ತುಂಬಾ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹನ್ನೊಂದು ಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಂಟನೇ ಪುಟದ ಮೂರು ಸಾಲು. ನಿಮ್ಮ 1998ರ ಹೋಂಡಾ ಸಿವಿಕ್ ಕಾರಿಗೆ ಕಡಿಮೆ ಖರ್ಚಿನಲ್ಲಿ ಒಂದು ಎಂಜಿನ್ ಹುಡುಕುತ್ತಾ ಗುಜರಿಗೆ ಹೋದಿರಿ. ಒಂದು ಎಂಜಿನ್ ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಆಯಿಲ್ ಮುಚ್ಚಳ ತಿರುಗಿಸಿ ನೋಡಿದಿರಿ. ಒಳಗೆ ಹಾಲಿನ ಕೆನೆಯಂಥ ಗಸಿ. ಬಿಟ್ಟು ಬಂದಿರಿ. ಅಷ್ಟೇ! ಮುಂದಿನ ಪ್ಯಾರಾದಲ್ಲಿ ಮತ್ತೆ ಹಾರ್ಸ್‌ಪವರ್ ಪಟ್ಟಿ ಶುರುವಾಗುತ್ತದೆ.

ಆ ಮೂರು ಸಾಲಿನಲ್ಲೇ ನಿಮ್ಮ ಲೇಖನ ಇದೆ. ಓದುಗ ಗುಜರಿಯಲ್ಲಿ ನಿಂತಿರುತ್ತಾನೆ. ಕೈಯಲ್ಲಿ ಒಂದು ಸ್ಪ್ಯಾನರ್, ಜೇಬಿನಲ್ಲಿ ಲೆಕ್ಕದ ದುಡ್ಡು. ಎದುರಿಗೆ ಯಾರೋ ಬಿಟ್ಟುಹೋದ ಎಂಜಿನ್. ಅದು ಹೊಸದಾಗಿದ್ದಾಗ ಎಷ್ಟು ಪವರ್ ಕೊಡುತ್ತಿತ್ತು ಅನ್ನುವುದು ಅವನಿಗೆ ಆಗ ಬೇಕಿಲ್ಲ. ಇದು ಈಗ ಹೇಗಿದೆ, ಯಾಕೆ ಇಲ್ಲಿಗೆ ಬಂತು, ಇದನ್ನು ನಂಬಬಹುದಾ ಅನ್ನುವುದು ಬೇಕು. ನಿಮಗೆ ಇದು ಗೊತ್ತಿದೆ. ಗೊತ್ತಿದ್ದರಿಂದಲೇ ಬಿಟ್ಟು ಬಂದಿರಿ. ಗೊತ್ತಿರುವುದನ್ನು ಮೂರು ಸಾಲಿನಲ್ಲಿ ಮುಗಿಸಿ, ಎಲ್ಲರಿಗೂ ಸಿಗುವ ಮಾಹಿತಿಗೆ ಎಂಟು ಪುಟ ಕೊಟ್ಟಿದ್ದೀರಿ.

ಹಾಗಾಗಿ ಆ ಮುಚ್ಚಳದ ಹತ್ತಿರಕ್ಕೇ ಹೋಗೋಣ. ಗಸಿ ಮುಚ್ಚಳದಲ್ಲಿ ಮಾತ್ರ ಇತ್ತಾ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲೂ ಇತ್ತಾ? ನೀವು ಬರೆದಿಲ್ಲ. ಇದು ಸಣ್ಣ ಪ್ರಶ್ನೆ ಅಲ್ಲ. ಚಳಿ ಕಾಲದಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿ ಆಗುವುದೇ ಇಲ್ಲ. ಒಳಗಿನ ಆವಿ ನೀರಾಗಿ ಮುಚ್ಚಳಕ್ಕೆ ಅಂಟಿಕೊಂಡು ಆಯಿಲ್ ಜೊತೆ ಕಲೆತು ಹಳದಿ ಕೆನೆ ಕಟ್ಟುತ್ತದೆ. ಅಂಥ ಎಂಜಿನ್ ಚೆನ್ನಾಗಿಯೇ ಇರಬಹುದು. ಡಿಪ್‌ಸ್ಟಿಕ್ ಎಳೆದಾಗಲೂ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿ ದಪ್ಪಗಾಗಿದ್ದರೆ, ಎಂಜಿನ್ ತಂಪಾಗಿಡುವ ಕೂಲೆಂಟ್ ಒಳಗೆ ಸೇರಿದೆ ಎಂದು ಅರ್ಥ. ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬೆಂಡ್ ಆಗಿರಬಹುದು, ಬ್ಲಾಕ್ ಸೀಳಿರಲೂಬಹುದು. ಕೂಲೆಂಟ್ ಬೆರೆತ ಆಯಿಲ್‌ನಲ್ಲಿ ಓಡಿದ ಬೇರಿಂಗ್‌ಗಳನ್ನಂತೂ ನಂಬುವ ಹಾಗಿಲ್ಲ. ಡ್ರೇನ್ ಬೋಲ್ಟ್ ಸ್ವಲ್ಪ ಸಡಿಲಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ನೀರು ಆಯಿಲ್‌ಗಿಂತ ಭಾರ, ಹಾಗಾಗಿ ತಳದಲ್ಲಿ ನಿಂತ ನೀರೇ ಮೊದಲು ಬರುತ್ತದೆ. ಬಂದ ಆಯಿಲ್ಲನ್ನು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದರೆ ಮಿನುಗುವ ಚೂರುಗಳು ಕಾಣುತ್ತವೆಯಾ? ತಾಮ್ರದ ಬಣ್ಣ ಕಂಡರೆ ಬೇರಿಂಗ್‌ನ ಮೇಲಿನ ಪದರ ಸವೆದು ಒಳಗಿನ ಪದರ ಬಂದಿದೆ.

ನೀವು ಇದನ್ನೆಲ್ಲ ಅಲ್ಲಿ ಮಾಡಿದಿರಾ? ಮಾಡಿದ್ದರೆ ಒಂದೊಂದನ್ನೂ ಬರೆಯಿರಿ. ಮಾಡದೇ ಮುಚ್ಚಳ ನೋಡಿಯೇ ವಾಪಸ್ ಬಂದಿದ್ದರೆ ಅದನ್ನೂ ಹಾಗೇ ಬರೆಯಿರಿ. ಒಳ್ಳೇ ಎಂಜಿನ್ ಕೈತಪ್ಪಿರಬಹುದು ಅನ್ನುವ ಅನುಮಾನವೂ ಓದುಗನಿಗೆ ಉಪಯೋಗಕ್ಕೆ ಬರುತ್ತದೆ.

ಮೊದಲ ಮೂರು ಪುಟ ತೆಗೆದುಬಿಡಿ. 1876ರಲ್ಲಿ ನಿಕೋಲಸ್ ಆಟೊ ನಾಲ್ಕು ಸ್ಟ್ರೋಕ್ ಎಂಜಿನ್ ಓಡಿಸಿದ ಕಥೆ ಸರಿಯಾಗಿಯೇ ಇದೆ, ಜಾಗ ಇದಲ್ಲ. ಅದರಿಂದ ಒಂದು ಮಾತು ಮಾತ್ರ ಉಳಿಸಿಕೊಳ್ಳಿ. ನಾಲ್ಕು ಸ್ಟ್ರೋಕ್ ಎಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು. ಗುಜರಿಯಲ್ಲಿ ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗಿಸುವಾಗ, ಒಂದೇ ಸುತ್ತಿನಲ್ಲಿ ನಿಲ್ಲಿಸದೆ ಎರಡು ಸುತ್ತು ಪೂರ್ತಿ ತಿರುಗಿಸಬೇಕು. ಆಗಲೇ ಪ್ರತಿ ವಾಲ್ವ್ ಒಮ್ಮೆ ತೆರೆದು ಮುಚ್ಚಿಕೊಳ್ಳುವುದು. ಎಲ್ಲಾದರೂ ಗಟ್ಟಿಯಾಗಿ ಸಿಕ್ಕಿಕೊಂಡರೆ ಬಲವಂತ ಮಾಡಬಾರದು. ಬಿಚ್ಚಿದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಬೇಕು. ಮೂರು ಕಂದು ಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬಿಳಿಚಿಕೊಂಡಿದ್ದರೆ ಆ ಸಿಲಿಂಡರ್‌ಗೆ ಕೂಲೆಂಟ್ ಹೋಗುತ್ತಿತ್ತು. ಕಪ್ಪಗೆ ಜಿಡ್ಡು ಕಟ್ಟಿದ್ದರೆ ಆಯಿಲ್ ಸುಡುತ್ತಿತ್ತು. ಪ್ಲಗ್ ಇಲ್ಲದೆ ಬಾಯ್ತೆರೆದುಕೊಂಡು ಮಳೆಯಲ್ಲಿ ಬಿದ್ದಿದ್ದ ಎಂಜಿನ್ ಆದರೆ ಬೋರ್‌ಗೆ, ಅಂದರೆ ಸಿಲಿಂಡರ್‌ನ ಒಳಗೋಡೆಗೆ, ತುಕ್ಕು ಹಿಡಿದಿರುತ್ತದೆ. ಅದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಇನ್ನು ‘ಕಂಪ್ರೆಷನ್ ಚೆನ್ನಾಗಿತ್ತು’ ಅನ್ನುವ ನಿಮ್ಮ ವಾಕ್ಯ. ನೀವು ಕೊನೆಗೆ ತಂದ ಎಂಜಿನ್ ಬಗ್ಗೆ ಹೇಳಿದ್ದು ಇದೊಂದೇ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಸಿಲಿಂಡರ್ ಒಳಗೆ ಏಳುವ ಒತ್ತಡ ಚೆನ್ನಾಗಿತ್ತು ಅಂದರೆ ಎಷ್ಟು? ನಾಲ್ಕು ಸಿಲಿಂಡರ್‌ಗೆ ನಾಲ್ಕು ಅಂಕಿ ಬಂದಿರಬೇಕಲ್ವಾ? ಅದನ್ನು ಕೊಡಿ. 170, 165, 172, 120 ಪಿಎಸ್‌ಐ (ಒತ್ತಡದ ಅಳತೆ) ಎಂದು ಬಂದಿತ್ತು ಅಂದುಕೊಳ್ಳಿ. ಮೊದಲ ಮೂರು ನೋಡಿದರೆ ಖುಷಿ ಆಗುತ್ತದೆ. ನಾಲ್ಕನೆಯದು 172ಕ್ಕಿಂತ ಸುಮಾರು 30 ಪರ್ಸೆಂಟ್ ಕಡಿಮೆ. ಸಾಮಾನ್ಯವಾಗಿ 10–15 ಪರ್ಸೆಂಟ್ ಒಳಗಿದ್ದರೆ ಒಪ್ಪಬಹುದು. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಮೇಲೇರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಮೊದಲ ಅನುಮಾನ ಅವೆರಡರ ನಡುವಿನ ಗ್ಯಾಸ್ಕೆಟ್ ಮೇಲೆ.

ಪರೀಕ್ಷೆ ಹೇಗೆ ಮಾಡಿದಿರಿ ಅನ್ನುವುದೂ ಬೇಕು. ನಾಲ್ಕೂ ಪ್ಲಗ್ ಬಿಚ್ಚಿದ್ದಿರಾ? ಥ್ರಾಟಲ್ ಪೂರ್ತಿ ತೆರೆದಿತ್ತಾ? ಅದು ಮುಚ್ಚಿದ್ದರೆ ಒಳಗೆ ಗಾಳಿಯೇ ಸಾಕಷ್ಟು ಹೋಗುವುದಿಲ್ಲ, ಒಳ್ಳೇ ಎಂಜಿನ್ನೂ ಕೆಟ್ಟದ್ದಾಗಿ ಕಾಣುತ್ತದೆ. ಬ್ಯಾಟರಿ ಡಲ್ ಇದ್ದರೂ ಅದೇ ಕಥೆ. ಎಂಜಿನ್ ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟಿದ್ದರೆ ಸ್ಟಾರ್ಟರ್ ಎಲ್ಲಿ ಕೂರಿಸಿದಿರಿ? ಈ ಹೋಂಡಾಗಳಲ್ಲಿ ಅದು ಗೇರ್‌ಬಾಕ್ಸ್‌ಗೆ ಕೂರುವಂಥದ್ದು, ಗೇರ್‌ಬಾಕ್ಸ್ ಜೊತೆಗಿರದೆ ಸೆಲ್ಫ್ ಹೊಡೆಯುವುದು ಕಷ್ಟ. ಓದುಗ ಮೊದಲು ಎಡವುವುದು ಇಂಥಲ್ಲೇ.

ಒಂದು ಕಡೆ ನೀವು ತಪ್ಪು ಬರೆದಿದ್ದೀರಿ, ಅದನ್ನು ನೇರವಾಗಿ ಹೇಳಬೇಕು. ನಿಮ್ಮ ಪಟ್ಟಿಯ ಮೇಲ್ತುದಿಯಲ್ಲಿ 200 ಹಾರ್ಸ್‌ಪವರ್‌ನ ಕೆ20ಎ2 ಎಂಜಿನ್ ಇದೆ. ಹೋಂಡಾದ್ದೇ ಅಕ್ಯುರಾ ಬ್ರ್ಯಾಂಡಿನ 2002ರ ಆರ್‌ಎಸ್‌ಎಕ್ಸ್ ಟೈಪ್-ಎಸ್ ಕಾರಿನಲ್ಲಿ ಬಂದದ್ದು. ‘ಅದೇ ಕಂಪನಿ, ಆದ್ದರಿಂದ ಹಳೇ ಸಿವಿಕ್‌ಗೆ ಸುಲಭವಾಗಿ ಕೂರುತ್ತದೆ’ ಎಂದಿದ್ದೀರಿ. ಕೂರಿಸಬಹುದು, ತುಂಬಾ ಜನ ಕೂರಿಸಿದ್ದಾರೆ. ಸುಲಭ ಮಾತ್ರ ಅಲ್ಲ. ಆ ಕಾಲದ ಸಿವಿಕ್‌ನ ಡಿ ಸೀರೀಸ್ ಎಂಜಿನ್ನೂ ಅದರ ಅಣ್ಣ ಬಿ ಸೀರೀಸೂ ತಿರುಗುವುದು ಒಂದು ದಿಕ್ಕಿಗೆ. ಕೆ ಸೀರೀಸ್ ತಿರುಗುವುದು ಅದಕ್ಕೆ ಎದುರು ದಿಕ್ಕಿಗೆ. ಹಾಗಾಗಿ ಗೇರ್‌ಬಾಕ್ಸ್ ಆ ಪಕ್ಕದಿಂದ ಈ ಪಕ್ಕಕ್ಕೆ ಬರುತ್ತದೆ. ಇಂಟೇಕ್ ಮುಂದಕ್ಕೆ, ಎಕ್ಸಾಸ್ಟ್ ಹಿಂದಕ್ಕೆ ಹೋಗುತ್ತದೆ. ಮೌಂಟಿಂಗ್, ಆಕ್ಸಲ್, ಗೇರ್ ಲಿವರ್, ಎಕ್ಸಾಸ್ಟ್ ಪೈಪ್, ವೈರಿಂಗ್ ಎಲ್ಲಾ ಬೇರೆ ಬೇಕು. ಎಂಜಿನ್‌ಗೆ ಕೊಟ್ಟಷ್ಟೇ ದುಡ್ಡು ಅದರ ಸುತ್ತಲಿನ ಸಾಮಾನಿಗೂ ಹೋಗಿಬಿಡಬಹುದು. ‘ಕಡಿಮೆ ಬಜೆಟ್’ ಎಂದು ಹೇಳಿಕೊಳ್ಳುವ ಲೇಖನ ಇದನ್ನು ಮುಚ್ಚಿಟ್ಟರೆ, ನಂಬಿ ಹೊರಟ ಒಬ್ಬ ಹುಡುಗನ ಕಾರು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ.

ಅದೇ ಪಟ್ಟಿಯ ಕೊನೆಯಲ್ಲಿ, ‘ಸಾಧಾರಣ’ ಎಂಬ ಒಂದೇ ಪದ ಬರೆದು ನೀವು ಕೈಬಿಟ್ಟಿರುವ ಎಂಜಿನ್ ಒಂದಿದೆ. ಹೋಂಡಾದ ಇಂಟೆಗ್ರಾ ಕಾರಿನ ಬಿ18ಬಿ1. 1,834 ಸಿಸಿ, ಸುಮಾರು 140 ಹಾರ್ಸ್‌ಪವರ್, ಜೋರಾಗಿ ತಿರುಗುವಾಗ ವಾಲ್ವ್ ಜಾಸ್ತಿ ತೆರೆದು ಪವರ್ ಹೆಚ್ಚಿಸುವ ಹೋಂಡಾದ ವಿಟೆಕ್ ಇಲ್ಲ. ವಿಟೆಕ್ ಇಲ್ಲದ್ದಕ್ಕೇ ಅದರ ಹಿಂದೆ ಬೀಳುವವರು ಕಡಿಮೆ. ನಿಮ್ಮ ಸಿವಿಕ್ ಸುಮಾರು ಒಂದು ಟನ್ ತೂಗುವ ಗಾಡಿ. ಸಾದಾ ಮಾದರಿಯ 1.6 ಲೀಟರ್ ಎಂಜಿನ್ ಕೊಡುತ್ತಿದ್ದುದು ಸುಮಾರು 106. ಅಲ್ಲಿಂದ 140ಕ್ಕೆ ಹೋದರೆ ಪಿಕಪ್ ಎಷ್ಟು ಬದಲಾಗುತ್ತದೆ ಎಂದು ಓಡಿಸಿದವರಿಗೆ ಗೊತ್ತು. ಮುಖ್ಯವಾಗಿ, 1999 ಮತ್ತು 2000ರ ಅಮೆರಿಕದ ಸಿವಿಕ್ ಎಸ್‌ಐಗೆ ಹೋಂಡಾ ಕಂಪನಿಯೇ ಬಿ16ಎ2 ಎಂಜಿನ್ ಕೂರಿಸಿ ಮಾರಿತು. ಅದು ಇದೇ ಬಿ ಕುಟುಂಬದ್ದು, ಗಾಡಿಯೂ ನಿಮ್ಮದರ ಪೀಳಿಗೆಯದೇ. ಕಂಪನಿಯೇ ಒಮ್ಮೆ ಮಾಡಿ ತೋರಿಸಿದ ಕೆಲಸವನ್ನು ಮತ್ತೆ ಮಾಡುವುದು ನಮ್ಮಂಥವರಿಗೆ ಎಷ್ಟೋ ಸುಲಭ. ಮಾಜ್ದಾ ಮಿಯಾಟಾದಲ್ಲೂ ಹೀಗೇ. ಮೊದಲು 1.6 ಬಂತು, 1994ರ ಮಾದರಿಯಿಂದ ಅದೇ ಬಾಡಿಗೆ 1.8 ಬಂತು. ಹಳೇ 1.6ರ ಗಾಡಿ ಇಟ್ಟುಕೊಂಡವರು ಆ 1.8 ಹುಡುಕುವುದು ಇದೇ ಕಾರಣಕ್ಕೆ. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಇದೊಂದನ್ನೇ ಇಟ್ಟುಕೊಂಡು ಪಟ್ಟಿಯನ್ನು ಪೂರ್ತಿ ಕೈಬಿಟ್ಟರೂ ನಷ್ಟವಿಲ್ಲ.

ನೀವು ಕೇಳದೇ ಹೋದ ಇನ್ನೊಂದು ಪ್ರಶ್ನೆ: ಆ ಗಾಡಿ ಗುಜರಿಗೆ ಯಾಕೆ ಬಂತು? ನಾನಾದರೆ ಎಂಜಿನ್ ನೋಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕುತ್ತೇನೆ. ಹಿಂದೆ ಗುದ್ದಿಸಿಕೊಂಡು ನಜ್ಜುಗುಜ್ಜಾದ ಗಾಡಿ ಕಂಡರೆ ನನಗೆ ಆಸೆ ಹುಟ್ಟುತ್ತದೆ. ಗುದ್ದಿಸಿಕೊಳ್ಳುವ ಕ್ಷಣದವರೆಗೂ ಅದು ಓಡುತ್ತಿತ್ತು ತಾನೆ? ಮುಂದೆ ಗುದ್ದಿದ್ದರೆ ಮೌಂಟಿಂಗ್ ಕಿವಿ, ಪುಲ್ಲಿ, ಆಯಿಲ್ ಸಂಪ್, ಗೇರ್‌ಬಾಕ್ಸ್ ಸೇರುವ ಜಾಗ ಇವನ್ನೆಲ್ಲ ಬೆರಳಾಡಿಸಿ ನೋಡಬೇಕು. ಎಲ್ಲೂ ಒಂದು ಗೀರಿಲ್ಲ, ಟೈರ್ ಹೊಸದು, ಸೀಟು ನೀಟಾಗಿದೆ, ಆದರೂ ಗುಜರಿಗೆ ಬಂದಿದೆ ಅಂದರೆ ಎಂಜಿನ್ನೋ ಗೇರ್‌ಬಾಕ್ಸೋ ಕೈಕೊಟ್ಟಿರುವ ಸಾಧ್ಯತೆಯೇ ಜಾಸ್ತಿ. ಬಾನೆಟ್ ಒಳಗೆ ಬೆಲ್ಟ್ ಬದಲಿಸಿದ ಚೀಟಿ ಅಂಟಿಸಿದ್ದಾರಾ, ರೇಡಿಯೇಟರ್ ಒಳಗೆ ಕೂಲೆಂಟ್ ಇದೆಯಾ ಇಲ್ಲಾ ತುಕ್ಕಿನ ಕೆಂಪು ನೀರಿದೆಯಾ, ಆಯಿಲ್ ಹಾಕುವ ತೂತಿನಿಂದ ಟಾರ್ಚ್ ಬಿಟ್ಟರೆ ಒಳಗೆ ಹೊಂಬಣ್ಣ ಇದೆಯಾ, ಕರೀ ಅಂಟು ಕಟ್ಟಿದೆಯಾ. ಹಿಂದಿನ ಯಜಮಾನ ಗಾಡಿಯನ್ನು ಹೇಗೆ ನೋಡಿಕೊಂಡ ಅನ್ನುವುದನ್ನು ಇವೇ ಹೇಳುತ್ತವೆ.

ವೈರಿಂಗ್‌ಗೆ ನೀವು ಒಂದು ಸಾಲೂ ಕೊಟ್ಟಿಲ್ಲ. ಎಂಜಿನ್ ಇಳಿಸುವಾಗ ಅದರ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, ಸೆನ್ಸರ್, ಮೌಂಟಿಂಗ್, ಆಕ್ಸಲ್, ಗೇರ್ ಲಿಂಕೇಜ್ ಎಲ್ಲವನ್ನೂ ಅದೇ ಗಾಡಿಯಿಂದ ಅದೇ ದಿನ ತಂದುಬಿಡಬೇಕು. ಮುಂದಿನ ವಾರ ಹೋದರೆ ಆ ಗಾಡಿಯೇ ಅಲ್ಲಿರುವುದಿಲ್ಲ. ಅಮೆರಿಕದ ಮಾದರಿಗಳಲ್ಲಿ 1996ರಿಂದ ಒಬಿಡಿ-2 ಎಂಬ ದೋಷ ಪತ್ತೆ ಹಚ್ಚುವ ವ್ಯವಸ್ಥೆ ಕಡ್ಡಾಯವಾಯಿತು. ಹಾಗಾಗಿ 1995ರ ಸಿವಿಕ್‌ನ ಇಸಿಯು ಪ್ಲಗ್ 1996ರದ್ದಕ್ಕೆ ನೇರವಾಗಿ ಸೇರುವುದಿಲ್ಲ. ಕೀಲಿಯಲ್ಲಿ ಚಿಪ್ ಇರುವ ಗಾಡಿಯಾದರೆ ಕೀಲಿಯನ್ನೂ ಕೇಳಿ ತರಬೇಕು, ಇಲ್ಲದಿದ್ದರೆ ಆ ಇಸಿಯು ಎಂಜಿನ್ ಸ್ಟಾರ್ಟ್ ಆಗಲು ಬಿಡುವುದಿಲ್ಲ. ದಾಖಲೆಯಲ್ಲಿ ಎಂಜಿನ್ ನಂಬರ್ ನಮೂದಾಗುವ ಕಡೆ ಅದನ್ನೂ ಬದಲಿಸಬೇಕು. ಇದಕ್ಕೆ ಎರಡು ಸಾಲು ಸಾಕು, ಬಿಡಬೇಡಿ.

ನನ್ನದೇ ಒಂದು ಅನುಭವ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೊನೆಯ ಪುಟ ಓದಿ ಅದೇ ನೆನಪಾಯಿತು. ‘ತಂದ ದಿನವೇ ಕೂರಿಸಿದೆವು’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ನಾನೂ ಹಾಗೆ ಮಾಡಿದ್ದೆ. ಎಂಜಿನ್ ನೆಲದ ಮೇಲಿತ್ತು, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಕಣ್ಣೆದುರೇ ಇತ್ತು. ಒಣಗಿದೆ, ಸೋರುತ್ತಿಲ್ಲ ಎಂದು ಬಿಟ್ಟೆ. ಒಂದು ತಿಂಗಳಿಗೆ ಗಾಡಿ ನಿಲ್ಲಿಸಿದ ಕಡೆಯೆಲ್ಲ ಆಯಿಲ್ ಚುಕ್ಕೆ. ಬೆರಳಷ್ಟು ದಪ್ಪವೂ ಇಲ್ಲದ ಆ ರಬ್ಬರ್ ಬಳೆಗೋಸ್ಕರ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಮತ್ತೆ ಇಳಿಸಬೇಕಾಯಿತು. ಆಯಿಲ್ ನೆನೆದ ಕ್ಲಚ್ ಪ್ಲೇಟ್ ಕೂಡ ಹಾಳಾಗಿತ್ತು. ಎಂಜಿನ್ ಹೊರಗಿರುವಾಗಲೇ ಸೀಲ್‌ಗಳು, ವಾಟರ್ ಪಂಪ್, ಥರ್ಮೋಸ್ಟಾಟ್, ಟೈಮಿಂಗ್ ಬೆಲ್ಟ್ ಬದಲಿಸಿಬಿಡಬೇಕು. ಬೆಲ್ಟ್ ವಯಸ್ಸು ಗೊತ್ತಿಲ್ಲದಿದ್ದರೆ ಮುಗಿದಿದೆ ಅಂತಲೇ ತಿಳಿಯಬೇಕು. ಬಿ ಸೀರೀಸ್‌ನಲ್ಲಿ ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ನಿಮ್ಮ ಎಂಜಿನ್‌ನಲ್ಲಿ ಬೆಲ್ಟ್ ಬದಲಿಸಿದ್ದೀರಾ? ಇಲ್ಲದಿದ್ದರೆ ಲೇಖನ ತಿದ್ದುವುದು ಹಾಗಿರಲಿ, ಮೊದಲು ಅದನ್ನು ಮಾಡಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅಂತರ್ದಹನ ಯಂತ್ರದ ಸಂಪೀಡನ ಸಾಮರ್ಥ್ಯ’ ಎಂದು ಬರೆದಿರುವ ನೀವೇ ಎಂಟನೇ ಪುಟದಲ್ಲಿ ‘ಗಸಿ’ ಎಂದಿದ್ದೀರಿ. ಆ ‘ಗಸಿ’ ಓದಿದಾಗ ನನ್ನ ಬೆರಳಿಗೇ ಅಂಟಿದ ಹಾಗಾಯಿತು. ಗ್ಯಾರೇಜಿನಲ್ಲಿ ನೀವು ಆಡುವ ಮಾತಿನಲ್ಲೇ ಇಡೀ ಲೇಖನ ಬರೆಯಿರಿ. ಕಂಪ್ರೆಷನ್ ಅನ್ನಿ, ಜಾಮ್ ಆಗಿದೆ ಅನ್ನಿ, ಗ್ಯಾಸ್ಕೆಟ್ ಹೋಗಿದೆ ಅನ್ನಿ.

ಹನ್ನೊಂದು ಪುಟ ಬೇಕಿಲ್ಲ, ಐದು ಸಾಕು. ಬಿಟ್ಟು ಬಂದ ಎಂಜಿನ್‌ನಿಂದ ಶುರುಮಾಡಿ, ತಂದ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಲ್ಲಿಗೆ ನಿಲ್ಲಿಸಿ. ಆ ದಿನ ಕಂಪ್ರೆಷನ್ ಅಂಕಿಗಳನ್ನು ಎಲ್ಲಾದರೂ ಗೀಚಿಟ್ಟಿದ್ದರೆ, ಆಯಿಲ್ ಕಲೆ ಆಗಿದ್ದರೂ ಪರವಾಗಿಲ್ಲ, ಆ ಚೀಟಿಯ ಫೋಟೋ ಜೊತೆಗೆ ಕಳಿಸಿ. ಲೇಖನದ ಮೇಲೆ ಅದನ್ನೇ ಹಾಕುತ್ತೇನೆ.