ಬಯಾಲಜಿ ಓದುವವಳಿಗೆ ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಬೇಕೇ?

ನೀವು ಕೇಳಿರುವುದು ಎರಡು: ವಿಜ್ಞಾನಿಗಳು ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವುದಾದರೂ ಏನು, ಬಯಾಲಜಿ ಎಂಎಸ್‌ಸಿ ಸೇರುವ ಮಗಳಿಗೆ ಲಕ್ಷದ ಲ್ಯಾಪ್‌ಟಾಪ್ ಕೊಡಿಸಬೇಕೇ. ನಾನು ಬೆಂಗಳೂರಿನ ಒಂದು ಜೀವವಿಜ್ಞಾನ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ನನ್ನ ಲ್ಯಾಪ್‌ಟಾಪ್ ಐವತ್ತು ಸಾವಿರದ್ದು, ಆರು ವರ್ಷ ಹಳೆಯದು.

ನಮ್ಮ ಕೆಲಸ ಹೆಚ್ಚುಕಡಿಮೆ ಅಕ್ಕಿ ಆರಿಸಿದ ಹಾಗೆ. ಅನ್ನ ಬೇಗ ಆಗುತ್ತದೆ, ಕಲ್ಲು ಹೆಕ್ಕುವುದಕ್ಕೇ ಹೊತ್ತು. ನಿನ್ನೆಯದನ್ನೇ ಹೇಳುತ್ತೇನೆ. ಮೈಕ್ರೋಸ್ಕೋಪಿನಿಂದ 240 ಚಿತ್ರ ಬಂದಿದ್ದವು. ಡಿಎನ್ಎಗೆ ಅಂಟುವ ಬಣ್ಣ ಹಾಕಿರುವುದರಿಂದ ಒಂದೊಂದು ಜೀವಕೋಶದ ನ್ಯೂಕ್ಲಿಯಸ್ಸೂ ಕಪ್ಪು ಹಿನ್ನೆಲೆಯಲ್ಲಿ ನೀಲಿಯಾಗಿ ಹೊಳೆಯುತ್ತದೆ. ಅವನ್ನು ಎಣಿಸಬೇಕು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಎಚ್‌ನಲ್ಲಿ ಹುಟ್ಟಿದ ಇಮೇಜ್‌ಜೆ ಎಂಬ ಪುಕ್ಕಟೆ ತಂತ್ರಾಂಶ ಇದನ್ನು ಮಾಡಿಕೊಡುತ್ತದೆ. ಆದರೆ ಎಷ್ಟು ಹೊಳೆದರೆ ನ್ಯೂಕ್ಲಿಯಸ್, ಎಷ್ಟಕ್ಕಿಂತ ಮಂಕಾದರೆ ಬರೀ ಹಿನ್ನೆಲೆ ಎಂಬ ಗಡಿಯನ್ನು ನಾನು ಹಾಕಬೇಕು. ಒಂದಕ್ಕೊಂದು ತಾಗಿಕೊಂಡ ಎರಡನ್ನು ಅದು ಒಂದೆಂದು ಎಣಿಸುತ್ತದೆ. ಬೇರ್ಪಡಿಸು ಎಂದರೆ ಅವರೆಕಾಳಿನಂತೆ ಬಾಗಿದ ಒಂದನ್ನೂ ಎರಡಾಗಿ ಸೀಳಿಬಿಡುತ್ತದೆ! ಹಾಗಾಗಿ ಹತ್ತು ಚಿತ್ರಗಳನ್ನು ನಾನೇ ಕಣ್ಣಲ್ಲಿ ಎಣಿಸಿ, ಅದರ ಲೆಕ್ಕಕ್ಕೆ ತಾಳೆ ನೋಡಿ, ಗಡಿ ತಿದ್ದುತ್ತಾ ಬೆಳಗಿನಿಂದ ಊಟದವರೆಗೆ ಕೂತೆ. ಆಮೇಲೆ ಎಲ್ಲ 240 ಚಿತ್ರ ಮುಗಿಯಲು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರುವಷ್ಟು ಹೊತ್ತು ಸಾಕಾಯಿತು.

ಸಂಖ್ಯೆಗಳು ಕೈಗೆ ಬಂದ ಮೇಲೆ ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಖ್ಯಾಶಾಸ್ತ್ರ, ಗ್ರಾಫು. ಎಕ್ಸೆಲ್ ಕೂಡ ಎಲ್ಲರೂ ಬಳಸುತ್ತಾರೆ, ಎಚ್ಚರ ತಪ್ಪಿದರೆ ಪೇಚಿಗೆ ಸಿಗುತ್ತಾರೆ. ಸೆಪ್ಟ್2, ಮಾರ್ಚ್1 ಎಂಬ ಜೀನುಗಳಿದ್ದವು. ಟೈಪ್ ಮಾಡಿ ಎಂಟರ್ ಒತ್ತಿದರೆ ಎಕ್ಸೆಲ್ ಅವನ್ನು ಸೆಪ್ಟೆಂಬರ್ 2, ಮಾರ್ಚ್ 1 ಎಂದು ತಾರೀಖು ಮಾಡಿಬಿಡುತ್ತಿತ್ತು. ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಇಂಥ ತಪ್ಪು ನುಸುಳಿದೆ ಎಂದು 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಕೊನೆಗೆ ಸೋತದ್ದು ಜೀನುಗಳೇ: 2020ರ ಹೊತ್ತಿಗೆ ಅವುಗಳ ಅಧಿಕೃತ ಹೆಸರು ಸೆಪ್ಟಿನ್2, ಮಾರ್ಚ್‌ಎಫ್1 ಆಗಿತ್ತು. ಈ ಚಾಳಿಯನ್ನು ನಿಲ್ಲಿಸಿಡುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.

ದೊಡ್ಡ ಲೆಕ್ಕ ಲ್ಯಾಪ್‌ಟಾಪಿನಲ್ಲಿ ನಡೆಯುವುದೇ ಇಲ್ಲ. ಮನುಷ್ಯನ ಜೀನೋಮ್, ಅಂದರೆ ಇಡೀ ಡಿಎನ್ಎ ಬರಹ, ಸುಮಾರು 300 ಕೋಟಿ ಅಕ್ಷರ. ಅಂಥದ್ದನ್ನು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಕಳಿಸಿ, ಸರದಿಯಲ್ಲಿ ನಿಲ್ಲಿಸಿ, ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗುತ್ತೇವೆ. ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್ಸ್‌ನ (ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ) ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರಿಗೆ ಕೆಲಸ ಕೊಡುವವರೂ ಕೂರುವುದು ಮಾಮೂಲಿ ಕಂಪ್ಯೂಟರ್ ಮುಂದೆಯೇ.

ಇನ್ನು ನಮ್ಮ ಲ್ಯಾಬಿನ ಅತ್ಯಂತ ಮುದ್ದಿನ ಪಿಸಿ ಯಾವುದು ಗೊತ್ತೇ? ಒಂದು ಹಳೇ ಉಪಕರಣಕ್ಕೆ ಕಟ್ಟಿಹಾಕಿರುವ ವಿಂಡೋಸ್ ಎಕ್ಸ್‌ಪಿ ಡಬ್ಬ. ಅದರ ತಂತ್ರಾಂಶ ಹೊಸ ವಿಂಡೋಸಿನಲ್ಲಿ ಓಡುವುದಿಲ್ಲ. ವೈರಸ್ ಭಯಕ್ಕೆ ಇಂಟರ್ನೆಟ್ ಕೊಟ್ಟಿಲ್ಲ, ಪೆನ್‌ಡ್ರೈವೂ ಚುಚ್ಚುವಂತಿಲ್ಲ. ಇವತ್ತಿಗೂ ಡೇಟಾವನ್ನು ಸಿಡಿಗೆ ಬರೆದು ತರುತ್ತೇವೆ.

ಮಗಳಿಗೆ 16 ಜಿಬಿ ರ‍್ಯಾಮ್, ಎಸ್ಎಸ್‌ಡಿ ಇರುವ ಮಧ್ಯಮ ಬೆಲೆಯದು ಕೊಡಿಸಿ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯಬೇಡಿ. ಉಳಿದದ್ದರಲ್ಲಿ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ, ಒಂದು ಲ್ಯಾಬಿನಲ್ಲಿರಲಿ, ಒಂದು ಮನೆಯಲ್ಲಿ. ಪಿಎಚ್‌ಡಿ ಎರಡನೇ ವರ್ಷದಲ್ಲಿ ನನ್ನ ಲ್ಯಾಪ್‌ಟಾಪ್ ಮೇಲೆ ನಾನೇ ಟೀ ಚೆಲ್ಲಿಕೊಂಡೆ. ಮೂರು ವಾರದ ಚಿತ್ರಗಳು ಅದೊಂದರಲ್ಲೇ ಇದ್ದವು. ಮತ್ತೆ ಕೋಶ ಬೆಳೆಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಸರದಿ ಕಾದು ಅಷ್ಟನ್ನೂ ತೆಗೆಯುವಷ್ಟರಲ್ಲಿ ಎರಡು ತಿಂಗಳಾಗಿತ್ತು.