ಸಂಪಾದಕರ ಉತ್ತರ: ‘ತಮಾಷೆಗೆ ಹೇಳಿದ್ದು’ ಎಂದರೆ ಸಾಕೇ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇತರ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನಿಮಗೆ 23 ವರ್ಷ. ಕಾಲೇಜಿನಲ್ಲಿ ಜೊತೆಗಿದ್ದ 11 ಮಂದಿಯ ವಾಟ್ಸ್ಆ್ಯಪ್ ಗುಂಪೊಂದಕ್ಕೆ ನೀವೇ ಅಡ್ಮಿನ್. ಗೆಳೆಯನೊಬ್ಬ ಮೂರನೆಯ ಸಂದರ್ಶನದಲ್ಲಿಯೂ ಆಯ್ಕೆಯಾಗಲಿಲ್ಲವೆಂದು ತಿಳಿಸಿದಾಗ, ‘ಇವನಿಗೆ ಕೆಲಸ ಸಿಗುವಷ್ಟರಲ್ಲಿ ನಮಗೆಲ್ಲ ಪಿಂಚಣಿ ಶುರುವಾಗಿರುತ್ತೆ’ ಎಂದು ಬರೆದಿರಿ. ಏಳು ಮಂದಿ ಕಣ್ಣೀರು ಸುರಿಸಿ ನಗುವ ಮುಖಗಳನ್ನು ಸಾಲುಸಾಲಾಗಿ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಆತನೂ ಅಂಥದೇ ಒಂದು ಮುಖವನ್ನು ಕಳುಹಿಸಿದ, ಮತ್ತೆ ಮಾತನಾಡಲಿಲ್ಲ, ಒಂಬತ್ತು ದಿನಗಳ ನಂತರ ಗುಂಪು ಬಿಟ್ಟು ಹೋದ. ಮೊದಲಿನಿಂದಲೂ ಹೀಗೆಯೇ ಒಬ್ಬರ ಕಾಲನ್ನು ಇನ್ನೊಬ್ಬರು ಎಳೆದುಕೊಂಡು ಬಂದವರು ನಾವು, ಆತನೂ ನಕ್ಕಿದ್ದನಲ್ಲ, ತಮಾಷೆಗೆ ಹೇಳಿದ್ದರಲ್ಲಿ ನನ್ನ ತಪ್ಪೇನು, ಇನ್ನು ಮೇಲೆ ಗೆಳೆಯರ ನಡುವೆಯೂ ಅಳೆದು ತೂಗಿ ಮಾತನಾಡಬೇಕೇ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ಮನಸ್ಸಿನಲ್ಲಿ ಕೇಡಿರಲಿಲ್ಲ ಎಂಬುದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಹಾಗಿದ್ದೂ ಆ ಮಾತು ತಪ್ಪಾಯಿತು ಎಂದೇ ನನ್ನ ಅಭಿಪ್ರಾಯ.

ಕೀಟಲೆಯನ್ನು ನಾನು ದೂರುತ್ತಿಲ್ಲ. ಸಲುಗೆ ಇರುವ ಕಡೆ ಕೀಟಲೆ ಇದ್ದೇ ಇರುತ್ತದೆ, ಮತ್ತು ಹೊರಗಿನವರು ಕೇಳಿದರೆ ಜಗಳವೆಂದುಕೊಳ್ಳುವಂಥ ಒರಟು ಮಾತುಗಳು ಎಷ್ಟೋ ಸಲ ಗಾಢ ಗೆಳೆತನದ ಗುರುತೇ ಆಗಿರುತ್ತವೆ. ನಮ್ಮ ಭಾಷೆಯಲ್ಲಿ ಇದಕ್ಕೆ ಇರುವ ಪದಗಳನ್ನೇ ನೋಡಿ: ರೇಗಿಸುವುದು, ಛೇಡಿಸುವುದು, ಕಾಲೆಳೆಯುವುದು ಒಂದು ಕಡೆ, ಹಂಗಿಸುವುದು, ಮೂದಲಿಸುವುದು, ಹೀಯಾಳಿಸುವುದು ಇನ್ನೊಂದು ಕಡೆ. ಅದೇ ವಾಕ್ಯ ಒಂದು ದಿನ ಮೊದಲ ಗುಂಪಿಗೆ ಸೇರಿದರೆ ಮರುದಿನ ಎರಡನೆಯದಕ್ಕೆ ಸೇರಬಹುದು. ನನ್ನ ಮಟ್ಟಿಗೆ ಇವೆರಡರ ನಡುವಿನ ಗೆರೆ ಇರುವುದು ಕೇಳಿಸಿಕೊಂಡವನಿಗೆ ತಿರುಗಿ ಒಂದು ಏಟು ಕೊಡಲು ಜಾಗವಿದೆಯೇ ಎಂಬುದರಲ್ಲಿ. ಯಾವಾಗಲೂ ತಡವಾಗಿ ಬರುವವನನ್ನು ಛೇಡಿಸಿದರೆ ಆತ ಬೇಗ ಬಂದು ಕಾಯುವ ನಿಮ್ಮ ಆತುರವನ್ನು ಆಡಿಕೊಳ್ಳಬಹುದು, ಲೆಕ್ಕ ಅಲ್ಲಿಗೆ ಚುಕ್ತಾ ಆಗುತ್ತದೆ. ಅಂದು ಆತ ತಿರುಗಿ ಏನು ಹೇಳಬಹುದಿತ್ತು? ಕೈಗೆ ಬರಬೇಕಾದದ್ದು ಮೂರನೆಯ ಸಲವೂ ತಪ್ಪಿ ಹೋದ ಹೊತ್ತಿನಲ್ಲಿ, ಈಗಾಗಲೇ ಕೆಲಸದಲ್ಲಿರುವವರ ಮುಂದೆ, ಆತನ ಬಳಿ ಎಸೆಯಲು ಒಂದು ಕಲ್ಲೂ ಇರಲಿಲ್ಲ.

ಇದಕ್ಕೆ ಬರವಣಿಗೆಯ ತೊಡಕೂ ಸೇರಿಕೊಂಡಿತು. ಎದುರಾಎದುರು ಕುಳಿತು ರೇಗಿಸುವಾಗ ಚುಚ್ಚುವ ಮಾತಿನ ಜೊತೆಯಲ್ಲಿಯೇ ‘ಇದು ಆಟ’ ಎಂದು ಹೇಳುವ ಸುಳಿವುಗಳನ್ನೂ ಕೊಡುತ್ತೇವೆ: ರಾಗ ಎಳೆಯುತ್ತೇವೆ, ಹುಬ್ಬು ಹಾರಿಸುತ್ತೇವೆ, ಭುಜಕ್ಕೆ ಭುಜ ತಾಗಿಸುತ್ತೇವೆ. ಕೀಟಲೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡ್ಯಾಕರ್ ಕೆಲ್ಟ್ನರ್ ಮತ್ತು ಸಂಗಡಿಗರು ಈ ಸುಳಿವುಗಳನ್ನು ಕೀಟಲೆಯ ಅಂಗವೆಂದೇ ಪರಿಗಣಿಸಿದ್ದಾರೆ. ಕೆಣಕುವುದು ಅದರ ಅರ್ಧ ಭಾಗ ಮಾತ್ರ. ಅಕ್ಷರದಲ್ಲಿ ಆ ಅರ್ಧ ತಲುಪುತ್ತದೆ, ಉಳಿದರ್ಧ ನಮ್ಮ ತಲೆಯಲ್ಲಿಯೇ ಉಳಿದುಬಿಡುತ್ತದೆ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಪ್ರಯೋಗದಲ್ಲಿ, ಮಿಂಚಂಚೆಯಲ್ಲಿ ಬರೆದ ವಾಕ್ಯ ವ್ಯಂಗ್ಯವೋ ಗಂಭೀರವೋ ಎಂಬುದನ್ನು ಓದುವವರು ನೂರರಲ್ಲಿ 78 ಸಲ ಗುರುತಿಸುತ್ತಾರೆಂದು ಬರೆದವರು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಸುಮಾರು 56 ಸಲ, ಅಂದರೆ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪ ಮೇಲು. ಬರೆಯುವಾಗ ನಮ್ಮ ಧ್ವನಿ ನಮ್ಮ ಕಿವಿಯಲ್ಲಿ ಮೊಳಗುತ್ತಿರುತ್ತದೆಯಾದ್ದರಿಂದ ಅದು ಎಲ್ಲರಿಗೂ ಕೇಳಿಸುತ್ತಿದೆ ಎಂದೇ ಭಾವಿಸುತ್ತೇವೆ.

ನಗುಮುಖ ಹುಟ್ಟಿದ್ದೇ ಈ ತೊಡಕಿನಿಂದ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲಿಫ್ಟೊಂದರ ಬಗ್ಗೆ ಯಾರೋ ತಮಾಷೆಗೆ ಬರೆದದ್ದನ್ನು ಕೆಲವರು ನಿಜವಾದ ಅಪಾಯದ ಸೂಚನೆಯೆಂದು ತಿಳಿದ ಮೇಲೆ, 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ಗಣಕ ವಿಜ್ಞಾನಿ ತಮಾಷೆಯ ಮಾತಿಗೆ ವಿರಾಮಚಿಹ್ನೆಗಳಿಂದ ಮಾಡಿದ ಅಡ್ಡ ಮುಖವೊಂದನ್ನು ಅಂಟಿಸುವಂತೆ ಸೂಚಿಸಿದರು. ತಮಾಷೆ ಮಾಡಿದವನು ಹಾಕಬೇಕಾದ ಗುರುತು ಅದು. ನಿಮ್ಮ ಗುಂಪಿನಲ್ಲಿ ಅದನ್ನು ಹಾಕಬೇಕಾಗಿ ಬಂದದ್ದು ನೋವುಂಡವನಿಗೆ.

ಆತನೂ ನಕ್ಕಿದ್ದ ಎಂಬ ನಿಮ್ಮ ಮಾತಿನ ಹತ್ತಿರ ನಾನು ಬಹಳ ಹೊತ್ತು ನಿಂತೆ. ಏಳು ನಗುಗಳ ಕೆಳಗೆ ಆತನಿಗೆ ಉಳಿದಿದ್ದ ದಾರಿಗಳು ಎರಡೇ: ತಾನೂ ನಗುವುದು, ಇಲ್ಲವೇ ‘ಇಷ್ಟಕ್ಕೆಲ್ಲ ಮುನಿಸಿಕೊಳ್ಳುತ್ತಾನೆ’ ಎನ್ನಿಸಿಕೊಳ್ಳುವುದು. ಒಂದು ಕೋಣೆಯಲ್ಲಿ ಎಲ್ಲರೂ ಕುಳಿತಿದ್ದರೆ ಆತನ ಮುಖ ಬಾಡಿದ್ದನ್ನು ಯಾರಾದರೊಬ್ಬರು ಗಮನಿಸಿ ಮಾತು ತಿರುಗಿಸುತ್ತಿದ್ದರು. ಗುಂಪಿನ ಪರದೆಯಲ್ಲಿ ಬಾಡಿದ ಮುಖ ಕಾಣುವುದಿಲ್ಲ. ನೊಂದು ಸುಮ್ಮನಿರುವವನಿಗೂ ಫೋನ್ ನೋಡದೆ ಇರುವವನಿಗೂ ಅಲ್ಲಿ ವ್ಯತ್ಯಾಸವೇ ಇಲ್ಲ. ಮೇಲಾಗಿ ಬಾಯಿಮಾತು ಗಾಳಿಗೆ ಹೋಗುತ್ತದೆ, ಇದು ಹೋಗುವುದಿಲ್ಲ. ಆ ಒಂಬತ್ತು ದಿನಗಳಲ್ಲಿ ಆತ ಎಷ್ಟು ಸಲ ಮೇಲಕ್ಕೆ ಸರಿಸಿ ಆ ವಾಕ್ಯವನ್ನು ಓದಿರಬಹುದು ಎಂದು ಯೋಚಿಸಿದರೆ ನನಗೇ ಸಂಕಟವಾಗುತ್ತದೆ. 2022ರಿಂದ ಯಾರಾದರೂ ಗುಂಪು ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಬರುತ್ತದೆ. ಹಾಗಾಗಿ ಆತ ಹೋದದ್ದು ನಿಮಗೆ ತಿಳಿಯಿತು, ಉಳಿದವರಲ್ಲಿ ಹಲವರಿಗೆ ತಿಳಿಯಲೇ ಇಲ್ಲ ಎಂದು ನೀವೇ ಬರೆದಿದ್ದೀರಿ. ಇದನ್ನು ಮೊದಲು ಸರಿಪಡಿಸಬೇಕಾದವರು ನೀವು ಎನ್ನಲು ಇದೂ ಒಂದು ಕಾರಣ.

ಸಂದೇಶವನ್ನು ಈಗ ಎಲ್ಲರ ಫೋನಿನಿಂದ ಅಳಿಸಲು ಬರುವುದಿಲ್ಲ, ಆ ಅವಕಾಶ ಎರಡು ದಿನಗಳಿಗೆ ಸ್ವಲ್ಪ ಮೇಲಷ್ಟೇ ಇರುತ್ತದೆ. ಸಂದೇಶ ಕಳುಹಿಸದೆ ಫೋನ್ ಮಾಡಿ, ನಿಮ್ಮ ಧ್ವನಿ ಆತನಿಗೆ ಕೇಳಿಸಲಿ. ‘ಬೇಜಾರಾಗಿದ್ದರೆ ಕ್ಷಮಿಸು’ ಎನ್ನಬೇಡಿ. ಆ ‘ಆಗಿದ್ದರೆ’ ಎಂಬುದು ತಪ್ಪನ್ನು ಆತನ ಮೇಲೆಯೇ ಹೊರಿಸುತ್ತದೆ. ‘ನೀನು ಸೋತು ಬಂದ ದಿನ ಎಲ್ಲರ ಮುಂದೆ ನಿನ್ನನ್ನು ಆಡಿಕೊಂಡೆ, ತಪ್ಪಾಯಿತು’ ಎಂದಷ್ಟೇ ಹೇಳಿ ಸುಮ್ಮನಾಗಿ, ತಮಾಷೆಯ ಉದ್ದೇಶವನ್ನು ವಿವರಿಸಲು ಹೋಗಬೇಡಿ. ಅವಮಾನ ಹತ್ತು ಜನರ ಮುಂದೆ ನಡೆದದ್ದರಿಂದ ಆತ ಒಪ್ಪಿದರೆ ಗುಂಪಿನಲ್ಲಿಯೂ ಒಂದು ಸಾಲು ಬರೆಯಿರಿ. ನಕ್ಕ ಏಳು ಮಂದಿಗೆ ಬೇರೆಯಾಗಿ ಉಪದೇಶ ಬೇಕಿಲ್ಲ, ಆ ಸಾಲನ್ನು ಅವರೂ ಓದುತ್ತಾರೆ.

ಇನ್ನು ಅಳೆದು ತೂಗುವ ಪ್ರಶ್ನೆ. ನೀವು ಪತ್ರದ ಜೊತೆ ಕಳುಹಿಸಿದ ಸಂಭಾಷಣೆಯ ಚಿತ್ರವನ್ನು ಮತ್ತೊಮ್ಮೆ ತೆರೆದು ನೋಡಿ. ಅದಕ್ಕೂ ಮೊದಲಿನ ಆತನ ಎಲ್ಲ ಸಂದೇಶಗಳ ಕೊನೆಯಲ್ಲಿ ಏನಾದರೊಂದು ಮುಖವೋ ಚಿತ್ರವೋ ಇದೆ. ಅಂದಿನದರಲ್ಲಿ ಇರುವುದು ‘ಈ ಸಲವೂ ಆಗಲಿಲ್ಲ’ ಎಂಬ ಮೂರು ಪದಗಳು ಮತ್ತು ಒಂದು ಪೂರ್ಣವಿರಾಮ. ಆ ಸಂದೇಶದ ಕೆಳಗೂ ನಿಮ್ಮ ಉತ್ತರದ ಕೆಳಗೂ ರಾತ್ರಿ 9:14 ಎಂಬ ಒಂದೇ ಸಮಯವಿದೆ. ಗೆಳೆಯರ ನಡುವೆ ಪ್ರತಿ ಮಾತನ್ನೂ ತೂಗಿ ಆಡಿ ಎಂದು ನಾನು ಹೇಳಲಾರೆ. ಆ ಮೂರು ಪದಗಳನ್ನು ಇನ್ನೊಂದು ಸಲ ಓದಿದ್ದರೆ ನೀವೇ ಬೇರೇನನ್ನಾದರೂ ಬರೆಯುತ್ತಿದ್ದಿರಿ.

ಆತನನ್ನು ಕೇಳದೆ ಗುಂಪಿಗೆ ಮತ್ತೆ ಸೇರಿಸಬೇಡಿ. ಸದ್ಯಕ್ಕೆ ಬೇಡವೆಂದರೆ ಒತ್ತಾಯಿಸಬೇಡಿ, ಆದರೆ ಮುಂದಿನ ವಾರ ಸುಮ್ಮನೆ ಇನ್ನೊಮ್ಮೆ ಫೋನ್ ಮಾಡಿ.

ಸಂಪಾದಕರು